ಪ್ರಶ್ನೋತ್ತರ: ಹಿತ್ತಾಳೆ ಕೊಡ ಪ್ಲಾಸ್ಟಿಕ್ಕಿನಂತೆ ಏಕೆ ಕಾಣುತ್ತದೆ?

ಗೇಮ್‌ಗೆ ಬೇಕಾದ ವಸ್ತುಗಳನ್ನು ತಾವೇ ಮಾಡಿಕೊಳ್ಳುವವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೇಲ್ಮೈಗೆ ಸಂಬಂಧಿಸಿದವು. ಮಾಡೆಲ್ ಚೆನ್ನಾಗಿಯೇ ಇತ್ತು, ಟೆಕ್ಸ್ಚರ್ (ಮೈಮೇಲೆ ಹೊದಿಸುವ ಚಿತ್ರ) ಹಚ್ಚಿದ ಮೇಲೆ ಕೆಟ್ಟಿತು ಎಂಬುದು ಎಲ್ಲರ ದೂರು. ಆದರೆ ಜೊತೆಗಿಟ್ಟ ಚಿತ್ರಗಳನ್ನು ನೋಡಿದರೆ ಎಡವಟ್ಟು ಬಹುತೇಕ ಕಡೆ ಬಣ್ಣಕ್ಕೆ ಕೈಹಾಕುವ ಮೊದಲೇ ಆಗಿಹೋಗಿದೆ. ಮೆನುವಿನಲ್ಲಿರುವ ಹೆಸರುಗಳನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಹುಡುಕುವಾಗ ಗೊಂದಲವಾಗದಿರಲಿ ಎಂದು.

ಪ್ರಶ್ನೆ: ಹಿತ್ತಾಳೆ ಕೊಡ ಮಾಡಿದ್ದೇನೆ. ಹಳದಿ ಬಣ್ಣ ಕೊಟ್ಟಿದ್ದೇನೆ, ಹೊಳಪೂ ಇದೆ. ಆದರೂ ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಬಿಂದಿಗೆಯಂತೆ ಕಾಣುತ್ತದೆ. (ಓದುಗರು, ಶಿವಮೊಗ್ಗ)

ಉತ್ತರ: ನೀವು ಮೆಟಾಲಿಕ್ ಬೆಲೆಯನ್ನು 0.5ರಲ್ಲಿ ಇಟ್ಟಿದ್ದೀರಿ. ಅರ್ಧ ಲೋಹ ಎಂಬ ಪದಾರ್ಥ ಇಲ್ಲ. ಲೋಹವಾದರೆ 1, ಅಲ್ಲದಿದ್ದರೆ 0. ಮರ, ಮಣ್ಣು, ಪ್ಲಾಸ್ಟಿಕ್ ಮುಂತಾದವು ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಮಾತ್ರ ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತವೆ, ಅದೂ ಬಿಳಿಯಾಗಿ. ಅವುಗಳ ಬಣ್ಣ ಒಳಹೊಕ್ಕು ಚದುರಿ ಬರುವ ಬೆಳಕಿನದು. ಲೋಹದಲ್ಲಿ ಪ್ರತಿಬಿಂಬಕ್ಕೇ ಬಣ್ಣ ಇರುತ್ತದೆ. ನಿಮ್ಮ ಕೊಡದ ಮೇಲೆ ಹೊಳೆಯುವ ಚುಕ್ಕಿ ಬಿಳಿಯಾಗಿದೆ. ಕಣ್ಣು ಅದನ್ನು ಕಂಡೊಡನೆ ಪ್ಲಾಸ್ಟಿಕ್ ಎಂದು ತೀರ್ಮಾನಿಸಿಬಿಡುತ್ತದೆ.

ಮೆಟಾಲಿಕ್ 1 ಮಾಡಿದ ಮೇಲೆ ಬೇಸ್ ಕಲರ್ ಬದಲಿಸಿ. ನಿಮ್ಮದು ಸಾಸಿವೆ ಹಳದಿ, ತುಂಬಾ ಗಾಢ. ಶುದ್ಧ ಹಿತ್ತಾಳೆಗೆ ಕೆಂಪು 240, ಹಸಿರು 225, ನೀಲಿ 170ರ ಆಸುಪಾಸು ಸಾಕು. ಬಣ್ಣದ ಚೌಕದಲ್ಲಿ ಅದು ಬೆಣ್ಣೆಯಂತೆ ಬಿಳಿಚಿಕೊಂಡು ಕಾಣುತ್ತದೆ, ಹೆದರಬೇಡಿ. ಪ್ರತಿಬಿಂಬದ ಮೇಲೆ ಕೂತಾಗಲೇ ಅದು ಹಿತ್ತಾಳೆಯಾಗುವುದು. ಹಾಗೆಯೇ ಸುತ್ತ ಪ್ರತಿಬಿಂಬಿಸಲು ಏನಾದರೂ ಇರಬೇಕು. ಖಾಲಿ ದೃಶ್ಯದಲ್ಲಿ ಒಂದೇ ದೀಪ ಇಟ್ಟರೆ ಯಾವ ಲೋಹವೂ ಕಪ್ಪಗೇ ಕಾಣುತ್ತದೆ. ಮಾಡೆಲ್ ಮಾಡುವ ತಂತ್ರಾಂಶ ಬ್ಲೆಂಡರ್‌ನಲ್ಲಿ ವರ್ಲ್ಡ್‌ಗೆ ಒಂದು ಎಚ್‌ಡಿಆರ್‌ಐ ಚಿತ್ರ (ಸುತ್ತಲಿನ ನೋಟವನ್ನೂ ಬೆಳಕನ್ನೂ ಹಿಡಿದ ಫೋಟೊ) ಹಾಕಿ, ಗೇಮ್ ನಡೆಸುವ ಇಂಜಿನ್‌ನಲ್ಲಿ ಕೊಡ ಇರುವ ಕೋಣೆಗೆ ಸುತ್ತಲಿನ ಪ್ರತಿಬಿಂಬ ಹಿಡಿಯುವ ರಿಫ್ಲೆಕ್ಷನ್ ಪ್ರೋಬ್ ಇಡಿ.

ಇನ್ನು ರಫ್‌ನೆಸ್, ಅಂದರೆ ಮೇಲ್ಮೈಯ ಒರಟುತನ: 0 ಕನ್ನಡಿಯಂತೆ, 1 ಪೂರ್ತಿ ಮಂಕು. ಇಡೀ ಕೊಡಕ್ಕೆ ಒಂದೇ ಬೆಲೆ ಕೊಟ್ಟಿದ್ದೀರಿ. ದಿನಾ ಬಳಸುವ ಕೊಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಹುಣಸೆಹಣ್ಣು ಹಚ್ಚಿ ನಾರಿನಿಂದ ತಿಕ್ಕಿದ ಹೊಟ್ಟೆಯ ಭಾಗ ಮಿರಮಿರ ಮಿಂಚುತ್ತದೆ, ಅಲ್ಲಿ 0.2ರ ಸುತ್ತ ಇಡಿ. ತಿಕ್ಕಿದ ಗೀರುಗಳು ಅಡ್ಡಲಾಗಿ, ಕೊಡವನ್ನು ಸುತ್ತಿಕೊಂಡು ಓಡುತ್ತವೆ. ಕೊಡವನ್ನು ತಿರುಗಿಸುತ್ತ ತಿಕ್ಕುವುದರಿಂದ ಮೇಲಿಂದ ಕೆಳಗೆ ಗೀರು ಬೀಳುವುದು ಕಡಿಮೆ. ಕುತ್ತಿಗೆ ಹೊಟ್ಟೆಗೆ ಸೇರುವ ಮೂಲೆಗೆ ಕೈ ಹೋಗುವುದಿಲ್ಲ. ಅಲ್ಲಿ ಕಪ್ಪು ಕಂದು ಕಿಲುಬು ಉಳಿದಿರುತ್ತದೆ, ರಫ್‌ನೆಸ್ 0.6ರವರೆಗೆ ಹೋಗಲಿ. ಕಿಲುಬು ಲೋಹವಲ್ಲ, ಆದ್ದರಿಂದ ಆ ಜಾಗದಲ್ಲಿ ಮೆಟಾಲಿಕ್ 0. ಕೊಡ ಕೂರುವ ಅಡಿಯ ಅಂಚಿನಲ್ಲಿ ಕಲ್ಲಿಗೆ ತಾಗಿದ ನಗ್ಗುಗಳು, ಸೊಂಟದ ಕಡೆ ಒಂದೆರಡು ದೊಡ್ಡ ನಗ್ಗು. ಇವನ್ನು ಬಣ್ಣದಲ್ಲಿ ಬರೆಯಬೇಡಿ, ಹೈ ಪಾಲಿಯಲ್ಲಿ (ತುಂಬಾ ಮುಖಗಳಿರುವ ಸೂಕ್ಷ್ಮ ಮಾಡೆಲ್) ಕೆತ್ತಿ, ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ನಾರ್ಮಲ್ ಮ್ಯಾಪ್ ಎಂಬ ಚಿತ್ರಕ್ಕೆ ತನ್ನಿ. ತಟ್ಟಿ ಮಾಡಿದ ಕೊಡವಾದರೆ ಸುತ್ತಿಗೆಯ ಗುರುತುಗಳನ್ನೂ ಅಲ್ಲೇ ಕೆತ್ತಿ, ಒಂದೊಂದು ಸೆಂಟಿಮೀಟರ್ ಅಗಲಕ್ಕೆ, ಸಾಲಾಗಿ, ಆದರೆ ಅಳತೆಪಟ್ಟಿ ಇಟ್ಟಂತೆ ಅಲ್ಲ. ಇದೇ ವಿಧಾನದಲ್ಲಿ ಅಡುಗೆಯ ಪಾತ್ರೆ ಮಾಡುವುದಿದ್ದರೆ ಒಳಗೆ ಕಲಾಯಿ ಇರುತ್ತದೆ ಎಂಬುದು ನೆನಪಿರಲಿ: ಒಳಮೈ ತವರದ ಬೂದು ಬಿಳುಪು, ತಳದಲ್ಲಿ ಸೌಟು ಉಜ್ಜಿ ಕಲಾಯಿ ಹೋದ ಕಡೆ ಮಾತ್ರ ಹಳದಿ ಇಣುಕುತ್ತದೆ.

ಪ್ರಶ್ನೆ: ಬೇಲೂರಿನ ಕಂಬದ ಮಾದರಿಯಲ್ಲಿ ತಿರುಗಣೆಯಿಂದ ಕಡೆದ ಕಂಬ ಮಾಡಿ, ಹೈ ಪಾಲಿಯಿಂದ ಲೋ ಪಾಲಿಗೆ ನಾರ್ಮಲ್ ಮ್ಯಾಪ್ ಬೇಕ್ ಮಾಡಿದೆ. ಬಳೆಗಳು ಅಲೆಅಲೆಯಾಗಿವೆ, ಕೆಲವು ಕಡೆ ಕಪ್ಪು ಕಲೆ, ಚೌಕ ಪೀಠದ ಮೇಲೆ ವಿಚಿತ್ರ ನೆರಳು. ಮೂರು ಸಲ ಮಾಡಿದರೂ ಅಷ್ಟೇ. (ವಿದ್ಯಾರ್ಥಿ, ಹಾಸನ)

ಉತ್ತರ: ಬೇಕ್ ಎಂದರೆ ಲೋ ಪಾಲಿಯಿಂದ (ಗೇಮ್‌ಗೆ ಹೋಗುವ, ಕಡಿಮೆ ಮುಖಗಳ ಮಾಡೆಲ್) ಕಿರಣ ಬಿಟ್ಟು ಹೈ ಪಾಲಿಯ ಉಬ್ಬುತಗ್ಗನ್ನು ಚಿತ್ರವಾಗಿ ಹಿಡಿಯುವುದು. ಮೂರು ಲಕ್ಷಣಕ್ಕೆ ಮೂರು ಬೇರೆ ಕಾರಣಗಳಿವೆ. ಒಂದೊಂದಾಗಿ ಬಿಡಿಸೋಣ.

ಮೊದಲು ಅಲೆ. ನಿಮ್ಮ ಲೋ ಪಾಲಿ ಕಂಬಕ್ಕೆ 12 ಮುಖ. ಕಂಬದ ವ್ಯಾಸ 50 ಸೆಂ.ಮೀ. ಎಂದುಕೊಂಡರೆ, 12 ಮುಖದ ಕಂಬದ ಚಪ್ಪಟೆ ಭಾಗದ ನಡುವು ನಿಜವಾದ ದುಂಡಿಗಿಂತ ಸುಮಾರು 8.5 ಮಿ.ಮೀ. ಒಳಗೆ ಇರುತ್ತದೆ, ಮೂಲೆ ಮಾತ್ರ ದುಂಡಿಗೆ ತಾಗಿರುತ್ತದೆ. ನಿಮ್ಮ ಬಳೆಗಳ ಆಳವೇ ಒಂದು ಸೆಂಟಿಮೀಟರ್! ಲೋ ಪಾಲಿಯ ಮೇಲಿನಿಂದ ಹೊರಟ ಕಿರಣ ಓರೆಯಾಗಿ ಹೋಗಿ ನಡುವೆ ಒಂದು ಕಡೆ, ಮೂಲೆಯಲ್ಲಿ ಇನ್ನೊಂದು ಕಡೆ ಬಡಿಯುತ್ತದೆ. ಅದೇ ಅಲೆ. 32 ಮುಖ ಮಾಡಿದರೆ ಅಂತರ 1.2 ಮಿ.ಮೀ.ಗೆ ಇಳಿಯುತ್ತದೆ. ಕಂಬವನ್ನು ಆಟಗಾರ ಪಕ್ಕದಲ್ಲೇ ನಿಂತು ನೋಡುವುದರಿಂದ ಅಷ್ಟು ತ್ರಿಕೋನ ಖರ್ಚು ಮಾಡುವುದು ದಂಡವಲ್ಲ. ದೊಡ್ಡ ಬಳೆಗಳನ್ನು, ಅಂದರೆ ಬದಿಯಿಂದ ನೋಡಿದಾಗ ಕಂಬದ ಅಂಚುಗೆರೆಯನ್ನೇ ಬದಲಿಸುವಂಥವನ್ನು, ಲೋ ಪಾಲಿಯಲ್ಲೂ ಮಾಡಿ. ನಾರ್ಮಲ್ ಮ್ಯಾಪ್ ಬೆಳಕನ್ನು ಮೋಸ ಮಾಡಬಲ್ಲದು, ಅಂಚುಗೆರೆಯನ್ನು ಮಾಡಲಾರದು.

ಕಪ್ಪು ಕಲೆಗೆ ಕಾರಣ ಕಿರಣದ ಅಳತೆ. ಬ್ಲೆಂಡರ್‌ನಲ್ಲಿ ರೆಂಡರ್ ಇಂಜಿನ್ (ಅದರೊಳಗೆ ಚಿತ್ರ ಮೂಡಿಸುವ ಭಾಗ, ಗೇಮ್ ಇಂಜಿನ್ ಅಲ್ಲ) ಸೈಕಲ್ಸ್ ಇರಲಿ. ಮೊದಲು ಎರಡೂ ವಸ್ತುಗಳಿಗೆ ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಇದನ್ನು ಬಿಟ್ಟರೆ ಮುಂದಿನ ಯಾವ ಅಂಕಿಯೂ ನಂಬುವಂತಿರುವುದಿಲ್ಲ. ಲೋ ಪಾಲಿಯ ಮೆಟೀರಿಯಲ್‌ನಲ್ಲಿ ಒಂದು ಇಮೇಜ್ ಟೆಕ್ಸ್ಚರ್ ನೋಡ್ ಸೇರಿಸಿ, 2048 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಹೊಸ ಚಿತ್ರ ಮಾಡಿ, 32 ಬಿಟ್ ಫ್ಲೋಟ್ ಗುರುತು ಹಾಕಿ, ಕಲರ್ ಸ್ಪೇಸ್ ನಾನ್ ಕಲರ್ ಇರಲಿ. ಆ ನೋಡ್ ಆಯ್ಕೆಯಾಗಿರಬೇಕು, ಇಲ್ಲದಿದ್ದರೆ ಬೇಕ್ ಬೇರೆಲ್ಲೋ ಹೋಗಿ ಕೂರುತ್ತದೆ. ಹೈ ಪಾಲಿ ಮೊದಲು ಆರಿಸಿ, ಶಿಫ್ಟ್ ಹಿಡಿದು ಲೋ ಪಾಲಿ ಆಮೇಲೆ. ಸೆಲೆಕ್ಟೆಡ್ ಟು ಆಕ್ಟಿವ್ ಗುರುತು ಹಾಕಿ. ಎಕ್ಸ್‌ಟ್ರೂಷನ್ ಎಂದರೆ ಕಿರಣ ಹೊರಡುವ ಮೊದಲು ಲೋ ಪಾಲಿಯನ್ನು ಎಷ್ಟು ಊದಿಸಬೇಕು ಎಂಬ ಅಳತೆ. ಅದು ನಿಮ್ಮಲ್ಲಿ 0. ಹೈ ಪಾಲಿಯ ಉಬ್ಬುಗಳು ಲೋ ಪಾಲಿಯ ಹೊರಗಿವೆ, ಒಳಮುಖವಾಗಿ ಹೊರಟ ಕಿರಣ ಅವನ್ನು ಕಾಣುವುದೇ ಇಲ್ಲ. 0.02 ಮೀಟರ್ ಕೊಡಿ. ಮ್ಯಾಕ್ಸ್ ರೇ ಡಿಸ್ಟನ್ಸ್ 0 ಇದ್ದರೆ ಮಿತಿಯೇ ಇಲ್ಲ ಎಂದರ್ಥ. ಕಿರಣ ಕಂಬವನ್ನು ತೂರಿ ಆಚೆ ಬದಿಗೂ ಹೋಗಬಹುದು. 0.05 ಸಾಕು. ಎಕ್ಸ್‌ಟ್ರೂಷನ್ ಹೆಚ್ಚಾದರೆ ಪಕ್ಕದ ಬಳೆ ಕಿರಣಕ್ಕೆ ಅಡ್ಡ ಬರುತ್ತದೆ, ಆಗ ಇನ್ನೊಂದು ಬಗೆಯ ಕಲೆ. ಪೀಠ, ಕಾಂಡ, ಬೋದಿಗೆ ಮೂರನ್ನೂ ದೂರ ದೂರ ಸರಿಸಿ ಬೇಕ್ ಮಾಡಿದರೆ ಈ ಜಗಳವೇ ಇರುವುದಿಲ್ಲ, ಹೈ ಮತ್ತು ಲೋ ಎರಡನ್ನೂ ಒಂದೇ ಅಳತೆಯಲ್ಲಿ ಸರಿಸಿದರಾಯಿತು.

ಪೀಠದ ನೆರಳು ಹಳೆಯ ರೋಗ. ಚೌಕ ಪೀಠದ 90 ಡಿಗ್ರಿ ಅಂಚುಗಳಿಗೂ ಶೇಡ್ ಸ್ಮೂತ್ ಕೊಟ್ಟಿದ್ದೀರಿ. ಲೋ ಪಾಲಿ ತನ್ನನ್ನು ದುಂಡು ಎಂದುಕೊಂಡಿದೆ. ಅದನ್ನು ಚಪ್ಪಟೆ ಮಾಡಲು ನಾರ್ಮಲ್ ಮ್ಯಾಪ್‌ನಲ್ಲಿ ಗಾಢವಾದ ಬಣ್ಣದ ಇಳಿಜಾರು ಬೇಕಾಗುತ್ತದೆ. ಇಂಜಿನ್ ಅದನ್ನು ಕುಗ್ಗಿಸಿದಾಗ ಆ ಇಳಿಜಾರು ಮೆಟ್ಟಿಲಾಗಿ ಒಡೆದು ನೆರಳಿನಂತೆ ಕಾಣುತ್ತದೆ. ಅಂಥ ಅಂಚುಗಳಿಗೆ ಮಾರ್ಕ್ ಶಾರ್ಪ್ ಮಾಡಿ, ಮತ್ತು ಶಾರ್ಪ್ ಇರುವ ಪ್ರತಿ ಅಂಚಿನಲ್ಲೂ ಯುವಿ (ಚಿತ್ರ ಹೊಂದಿಸಲು ಬಿಡಿಸಿ ಹಾಸಿದ ಮೇಲ್ಮೈ) ಕತ್ತರಿಸುವ ಹೊಲಿಗೆ ಗುರುತು ಹಾಕಿ, ತುಂಡುಗಳ ನಡುವೆ ಜಾಗ ಬಿಡಿ. ಶಾರ್ಪ್ ಇದ್ದು ಹೊಲಿಗೆ ಇಲ್ಲದಿದ್ದರೆ ಅಂಚಿನುದ್ದಕ್ಕೂ ಸಣ್ಣ ಗೆರೆ ಬರುತ್ತದೆ. ಹೊಲಿಗೆ ಇದ್ದು ಶಾರ್ಪ್ ಇಲ್ಲದಿದ್ದರೆ ತೊಂದರೆ ಇಲ್ಲ. ಹಳೆಯ ಪಾಠಗಳಲ್ಲಿ ಹೇಳುವ ಆಟೊ ಸ್ಮೂತ್ ಪೆಟ್ಟಿಗೆ ಬ್ಲೆಂಡರ್ 4.1ರಿಂದ ಆ ಜಾಗದಲ್ಲಿಲ್ಲ. ಸ್ಮೂತ್ ಬೈ ಆಂಗಲ್ ಎಂಬ ಮಾಡಿಫೈಯರ್ ಬಂದಿದೆ. ಬೇಕ್‌ಗೆ ಮೊದಲೇ ಲೋ ಪಾಲಿಯನ್ನು ತ್ರಿಕೋನಗಳಾಗಿ ಒಡೆದು, ಅದನ್ನೇ ಇಂಜಿನ್ನಿಗೂ ಕಳಿಸಿ. ಚೌಕವನ್ನು ಬ್ಲೆಂಡರ್ ಒಂದು ಕರ್ಣದಲ್ಲಿ, ಇಂಜಿನ್ ಇನ್ನೊಂದು ಕರ್ಣದಲ್ಲಿ ಸೀಳಿದರೆ ಮೇಲ್ಮೈ ಮೇಲೆ ಅಡ್ಡಗೆರೆ ಮೂಡುತ್ತದೆ.

ಹೈ ಪಾಲಿಯ ಅಂಚುಗಳ ಬಗ್ಗೆಯೂ ಒಂದು ಮಾತು. ನೀವು ಒಂದು ಮೀಟರಿಗೆ 512 ಪಿಕ್ಸೆಲ್ ಇಟ್ಟಿದ್ದೀರಿ, ಅಂದರೆ ಒಂದು ಪಿಕ್ಸೆಲ್ ಸುಮಾರು 2 ಮಿ.ಮೀ. ಅಂಚನ್ನು 1 ಮಿ.ಮೀ. ದುಂಡು ಮಾಡಿದರೆ ಅದು ಪಿಕ್ಸೆಲ್ಲಿಗೇ ಸಿಕ್ಕುವುದಿಲ್ಲ. ಮೂರು ಪಿಕ್ಸೆಲ್ ಬೇಕೆಂದರೆ 6 ಮಿ.ಮೀ. ದುಂಡು ಮಾಡಿ. ಹತ್ತಿರದಿಂದ ಅದು ಸವೆದ ಸೋಪಿನಂತೆ ಕಂಡರೂ ಗೇಮ್‌ನಲ್ಲಿ ಸರಿಯಾಗಿಯೇ ಕಾಣುತ್ತದೆ. ಹಾಗೆಯೇ ಕೆತ್ತನೆಯ ಗೋಡೆಗಳನ್ನು ನೆಟ್ಟಗೆ ಇಳಿಸಬೇಡಿ, ಸ್ವಲ್ಪ ಓರೆ ಕೊಡಿ. ನೇರ ಮೇಲಿನಿಂದ ಬರುವ ಕಿರಣಕ್ಕೆ ನೆಟ್ಟಗಿನ ಗೋಡೆ ಕಾಣಿಸದು. ಕಲ್ಲಿನ ಸ್ವಭಾವ ನಿಮ್ಮ ಪರವಾಗಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುವಂಥದ್ದು, ಒಳ್ಳೆಯ ಮೆರುಗು ಹಿಡಿಯುತ್ತದೆ. ಕಾಂಡಕ್ಕೆ ರಫ್‌ನೆಸ್ 0.35, ಹೊರಗೋಡೆಗೆ 0.7, ಬಳೆಗಳ ಸಂದಿಗೆ ಇನ್ನೂ ಒಂದಿಷ್ಟು ಹೆಚ್ಚು. 1117ರಲ್ಲಿ ವಿಷ್ಣುವರ್ಧನನ ಕಾಲಕ್ಕೆ ಕಡೆದಾಗ ಇದ್ದ ಕಂಬವೋ ಇವತ್ತಿನದೋ ಎಂಬುದನ್ನು ಮೊದಲೇ ನಿರ್ಧರಿಸಿ. ಇವತ್ತಿನದಾದರೆ ಕೈ ತಾಗುವ ಎತ್ತರದಲ್ಲಿ ಮೆರುಗು ಹೆಚ್ಚಿಸಿ.

ಪ್ರಶ್ನೆ: ಮಂಗಳೂರು ಹೆಂಚಿನ ಮಾಡು ಬ್ಲೆಂಡರ್‌ನಲ್ಲಿ ಚೆನ್ನಾಗಿತ್ತು. ಅನ್‌ರಿಯಲ್ ಇಂಜಿನ್ನಿಗೆ ತಂದಾಗ ಉಬ್ಬು ಇರಬೇಕಾದ ಕಡೆ ತಗ್ಗು ಕಾಣುತ್ತಿದೆ. (ಓದುಗರು, ಪುತ್ತೂರು)

ಉತ್ತರ: ನಾರ್ಮಲ್ ಮ್ಯಾಪ್‌ನಲ್ಲಿ ಮೇಲು ಕೆಳಗಿನ ಇಳಿಜಾರು ಹೇಳುವ ಹಸಿರು ಚಾನೆಲ್ ತಲೆಕೆಳಗಾಗಿದೆ. ಬ್ಲೆಂಡರ್, ಯೂನಿಟಿ, ಗೊಡೊ ಮೂರೂ ಓಪನ್‌ಜಿಎಲ್ ಪದ್ಧತಿಯವು. ಅನ್‌ರಿಯಲ್ ಡೈರೆಕ್ಟ್‌ಎಕ್ಸ್ ಪದ್ಧತಿಯದು, ಅಲ್ಲಿ ಹಸಿರಿನ ಅರ್ಥ ತಿರುಗುಮುರುಗು. ಅನ್‌ರಿಯಲ್‌ನಲ್ಲಿ ಆ ಟೆಕ್ಸ್ಚರ್ ತೆರೆದು ಫ್ಲಿಪ್ ಗ್ರೀನ್ ಚಾನೆಲ್ ಗುರುತು ಹಾಕಿ. ಕಂಪ್ರೆಷನ್ ನಾರ್ಮಲ್‌ಮ್ಯಾಪ್ ಎಂದೂ, ಎಸ್‌ಆರ್‌ಜಿಬಿ (ಬಣ್ಣದ ಚಿತ್ರಗಳಿಗಷ್ಟೇ ಬೇಕಾದ ತಿದ್ದುಪಡಿ) ಆಫ್ ಎಂದೂ ಇದೆಯೇ ನೋಡಿಕೊಳ್ಳಿ. ಬೇರೆಯವರಿಂದ ಪಡೆದ ನಾರ್ಮಲ್ ಮ್ಯಾಪ್ ಯಾವ ಪದ್ಧತಿಯದು ಎಂದು ತಿಳಿಯಬೇಕಾದರೆ ಹಸಿರು ಚಾನೆಲ್ ಒಂದನ್ನೇ ಕಪ್ಪು ಬಿಳುಪಾಗಿ ನೋಡಿ. ಉಬ್ಬುಗಳಿಗೆ ಮೇಲಿನಿಂದ ಬೆಳಕು ಬಿದ್ದಂತೆ ಕಂಡರೆ ಓಪನ್‌ಜಿಎಲ್, ಕೆಳಗಿನಿಂದ ಬಿದ್ದಂತೆ ಕಂಡರೆ ಡೈರೆಕ್ಟ್‌ಎಕ್ಸ್.

ಕೇಳದಿದ್ದರೂ ಹೇಳುವುದು: ನಿಮ್ಮ ಮಾಡಿನ ಸೂರಂಚು ಕತ್ತರಿಸಿದ ರಟ್ಟಿನಂತಿದೆ. ನಡುವಿನ ಸಾಲುಗಳಿಗೆ ನಾರ್ಮಲ್ ಮ್ಯಾಪ್ ಸಾಕು, ಆದರೆ ಸೂರಿನ ಕೊನೆಯ ಸಾಲನ್ನೂ ಮೇಲಿನ ಕೋಡುಹೆಂಚನ್ನೂ ನಿಜವಾದ ಆಕಾರದಲ್ಲೇ ಮಾಡಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಶುರುಮಾಡಿದ ಕಾಲದಿಂದ ಈ ಹೆಂಚಿನ ಗುರುತೇ ಅದರ ಅಚ್ಚು. ಕಾರ್ಖಾನೆಯ ಹೆಸರು ಒತ್ತಿರುವುದು ಒಳಮೈಗೆ. ಆಟಗಾರ ಮನೆಯೊಳಗೆ ನಿಂತು ತಲೆ ಎತ್ತಿ ನೋಡುವ ದೃಶ್ಯ ಇದ್ದರೆ, ಹೊರಗಿನ ಪಾಚಿಗಿಂತ ಆ ಅಚ್ಚಿಗೆ ಪಿಕ್ಸೆಲ್ ಖರ್ಚು ಮಾಡುವುದು ಲೇಸು.

ಪ್ರಶ್ನೆ: ಫೋನ್ ಗೇಮ್. ಒರಳು, ಒನಕೆ, ಮೊರ, ಬುಟ್ಟಿ ಹೀಗೆ ಅಡುಗೆಮನೆಯ 12 ವಸ್ತು, ಪ್ರತಿಯೊಂದಕ್ಕೂ 4096ರ ಮೂರು ಟೆಕ್ಸ್ಚರ್. ಫೋನ್ ಬಿಸಿಯಾಗಿ ಗೇಮ್ ಬಂದ್ ಆಗುತ್ತಿದೆ. ಪಿಎನ್‌ಜಿ ಕಡತಗಳು ಚಿಕ್ಕವೇ ಇವೆಯಲ್ಲ? (ಓದುಗರು, ಧಾರವಾಡ)

ಉತ್ತರ: ಪಿಎನ್‌ಜಿಯ ಗಾತ್ರ ಡಿಸ್ಕಿನಲ್ಲಿ ಮಾತ್ರ. ಗ್ರಾಫಿಕ್ಸ್ ಮೆಮೊರಿಗೆ ಹೋಗುವಾಗ ಅದು ಪೂರ್ತಿ ಬಿಚ್ಚಿಕೊಳ್ಳುತ್ತದೆ. 4096ರ ಒಂದು ಚಿತ್ರ ಕುಗ್ಗಿಸದೇ ಇದ್ದರೆ 64 ಎಂಬಿ, ಮಿಪ್‌ಮ್ಯಾಪ್ (ದೂರದ ನೋಟಕ್ಕೆಂದು ಇಡುವ ಚಿಕ್ಕ ಪ್ರತಿಗಳು) ಸೇರಿ 85. ನಿಮ್ಮ 36 ಚಿತ್ರಗಳಿಗೆ 3 ಜಿಬಿ ಆಯಿತು! ಫೋನ್‌ಗಳಲ್ಲಿ ಬಳಸುವ ಎಎಸ್‌ಟಿಸಿ ವಿಧಾನದಲ್ಲಿ 6×6ಕ್ಕೆ (6×6 ಪಿಕ್ಸೆಲ್‌ನ ಚೌಕಗಳಾಗಿ) ಕುಗ್ಗಿಸಿದರೂ ಒಂದಕ್ಕೆ ಒಂಬತ್ತೂವರೆ ಎಂಬಿ, ಒಟ್ಟು 340 ದಾಟುತ್ತದೆ.

ಲೆಕ್ಕವನ್ನು ವಸ್ತುವಿನ ಅಳತೆಯಿಂದ ಶುರುಮಾಡಿ. ದೂರದ ಕ್ಯಾಮೆರಾದ ಗೇಮ್‌ಗೆ ಮೀಟರಿಗೆ 512 ಪಿಕ್ಸೆಲ್ ಧಾರಾಳ. 45 ಸೆಂ.ಮೀ. ಅಗಲದ ಒರಳಿಗೆ ಆ ಲೆಕ್ಕದಲ್ಲಿ ಸಿಗಬೇಕಾದದ್ದು 230 ಪಿಕ್ಸೆಲ್. ಅದಕ್ಕೆ 4096 ಕೊಡುವುದು ಇಲಿ ಹಿಡಿಯಲು ಗುಡ್ಡ ಅಗೆದಂತೆ. 2048ರ ಒಂದೇ ಹಾಳೆಯಲ್ಲಿ ಅದೇ ಸಾಂದ್ರತೆಗೆ 4 ಮೀಟರ್ ಉದ್ದ 4 ಮೀಟರ್ ಅಗಲದ ಜಾಗ ಇದೆ. ತುಂಡುಗಳ ನಡುವಿನ ವ್ಯರ್ಥ ಕಳೆದರೂ 11 ಚದರ ಮೀಟರ್ ಉಳಿಯುತ್ತದೆ. 12 ವಸ್ತುವೂ ಅದರಲ್ಲಿ ಹಿಡಿಸುತ್ತವೆ. ಬೇಸ್ ಕಲರ್‌ಗೆ ಒಂದು ಹಾಳೆ, ನಾರ್ಮಲ್‌ಗೆ ಒಂದು, ಎಒ (ಸಂದಿಗಳ ನೆರಳು), ರಫ್‌ನೆಸ್, ಮೆಟಾಲಿಕ್ ಮೂರನ್ನೂ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ತುಂಬಿದ ಇನ್ನೊಂದು. ನಾರ್ಮಲ್‌ಗೆ ಎಎಸ್‌ಟಿಸಿ 4×4, ಉಳಿದೆರಡಕ್ಕೆ 6×6 ಕೊಟ್ಟರೆ ಎಲ್ಲ ಸೇರಿ ಸುಮಾರು 10 ಎಂಬಿ.

ಹಾಳೆಯಲ್ಲಿ ತುಂಡುಗಳ ನಡುವೆ 16 ಪಿಕ್ಸೆಲ್ ಬಿಡಿ. ವಸ್ತು ದೂರ ಹೋದಂತೆ ಇಂಜಿನ್ ಅರ್ಧ, ಅದರರ್ಧ ಗಾತ್ರದ ಚಿತ್ರವನ್ನು ಬಳಸುತ್ತದೆ. 16 ನಾಲ್ಕು ಸಲ ಅರ್ಧವಾದರೆ 1 ಪಿಕ್ಸೆಲ್ ಉಳಿಯುತ್ತದೆ. ಎರಡೇ ಪಿಕ್ಸೆಲ್ ಬಿಟ್ಟರೆ ಎರಡನೆಯ ಹಂತಕ್ಕೇ ಮೊರದ ಬಣ್ಣ ಒರಳಿನ ಅಂಚಿಗೆ ಸೋರುತ್ತದೆ.

ಪ್ರಶ್ನೆ: ಹಸಿರು ಹಳದಿ ಆಟೊ ಮಾಡಿದ್ದೇನೆ. ಹಳೆಯದಾಗಿ ಕಾಣಲೆಂದು ಅಂಚುಗಳಿಗೆಲ್ಲ ಸವೆತ ಹಾಕಿದೆ. ಹಳೆಯದಾಗಿ ಕಾಣುವ ಬದಲು ಸೀಮೆಸುಣ್ಣದಲ್ಲಿ ಗೆರೆ ಎಳೆದಂತಿದೆ. (ಓದುಗರು, ಬೆಂಗಳೂರು)

ಉತ್ತರ: ತಯಾರಾಗಿ ಸಿಗುವ ಎಡ್ಜ್ ವೇರ್ ಮಾಸ್ಕ್ (ಅಂಚಿನ ಸವೆತ ಎಲ್ಲಿ ಎಂದು ಹೇಳುವ ಕಪ್ಪು ಬಿಳುಪು ಚಿತ್ರ) ಒತ್ತಿದ್ದೀರಿ ಅನ್ನಿಸುತ್ತದೆ. ಅದು ಕೋನ ಚೂಪಾಗಿರುವ ಜಾಗವನ್ನಷ್ಟೇ ಹುಡುಕುತ್ತದೆ. ಯಾವ ಅಂಚನ್ನು ಯಾರು ಮುಟ್ಟುತ್ತಾರೆ ಎಂಬುದು ಅದಕ್ಕೇನು ಗೊತ್ತು? ಚಾಲಕನ ಸೀಟಿನ ಹಿಂದಿನ ಕಂಬಿಯನ್ನು ಪ್ರತಿ ಪ್ರಯಾಣಿಕರೂ ಹಿಡಿಯುತ್ತಾರೆ: ಬಣ್ಣ ಪೂರ್ತಿ ಹೋಗಿ ಉಕ್ಕು ನುಣ್ಣಗಾಗಿದೆ, ಮೆಟಾಲಿಕ್ 1, ರಫ್‌ನೆಸ್ 0.25. ಹತ್ತಿ ಇಳಿಯುವ ಕಡೆಯ ನೆಲದಂಚು ಚಪ್ಪಲಿಗೆ ಸವೆದಿದೆ. ಅದೇ ನೆಲದ ಇನ್ನೊಂದು ಬದಿಯ ಅಂಚಿಗೆ ಕಾಲು ಸೋಕುವುದೇ ಅಪರೂಪ. ಅಲ್ಲಿ ಬಣ್ಣ ಹೊಸದರಂತೆ, ಬರೀ ಧೂಳು. ಮುಂದಿನ ಮಡ್‌ಗಾರ್ಡ್‌ನ ಕೆಳಗೆ ಕೆಸರು, ಹೊಗೆ ಕೊಳವೆಯ ಸುತ್ತ ಮಸಿ.

ಇನ್ನು ಸವೆತದ ಒಳಗಿನ ಪದರ. ಬಣ್ಣ ಎದ್ದ ಕಡೆಯಲ್ಲೆಲ್ಲ ಥಳಥಳ ಲೋಹ ಕಾಣಿಸಿದ್ದೀರಿ. ಬಣ್ಣದ ಕೆಳಗೆ ಪ್ರೈಮರ್ ಇದೆ, ನಮ್ಮಲ್ಲಿ ಸಾಮಾನ್ಯವಾಗಿ ಇಟ್ಟಿಗೆ ಕೆಂಪಿನ ರೆಡ್ ಆಕ್ಸೈಡ್. ಆದ್ದರಿಂದ ಗೀರಿನ ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಅಗಲದ ಕೆಂಪು ಬಳೆ, ಅದರೊಳಗೆ ಲೋಹ. ಆ ಲೋಹವೂ ಕೈ ಉಜ್ಜುತ್ತಿದ್ದರೆ ಮಾತ್ರ ಹೊಳೆಯುತ್ತದೆ, ಇಲ್ಲದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು. ತುಕ್ಕಿಗೆ ಮೆಟಾಲಿಕ್ 0, ರಫ್‌ನೆಸ್ 0.9. ಪದರಗಳನ್ನು ಈ ಕ್ರಮದಲ್ಲಿ ಜೋಡಿಸಿ: ತಳದಲ್ಲಿ ಉಕ್ಕು, ಮೇಲೆ ತುಕ್ಕು, ಪ್ರೈಮರ್, ಬಣ್ಣ, ಕೊನೆಗೆ ಧೂಳು. ಪ್ರೈಮರ್‌ಗೂ ಬಣ್ಣಕ್ಕೂ ಒಂದೇ ಮಾಸ್ಕ್ ಬಳಸಿ, ಪ್ರೈಮರ್‌ನದನ್ನು ಎರಡು ಪಿಕ್ಸೆಲ್ ಹೊರಕ್ಕೆ ಹಿಗ್ಗಿಸಿ. ಬಣ್ಣದ ದಪ್ಪವನ್ನು ಹೈಟ್‌ನಲ್ಲಿ ತೀರಾ ಕಡಿಮೆ ಕೊಡಿ. ಜಾಸ್ತಿಯಾದರೆ ಸ್ಟಿಕರ್ ಅಂಟಿಸಿದಂತಾಗುತ್ತದೆ. ತುಕ್ಕಿನ ನೀರು ಇಳಿದ ಗೆರೆ ಬೋಲ್ಟಿನ ಕೆಳಗೆ, ತಗಡಿನ ಜೋಡಣೆಯ ಕೆಳಗೆ ಮಾತ್ರ ಶುರುವಾಗಲಿ.

ಮಾಸ್ಕನ್ನು ಬಿಸಾಡಬೇಕಿಲ್ಲ. ಅದನ್ನು ಶೇಕಡಾ 20ಕ್ಕೆ ಇಳಿಸಿ, ಮೇಲೆ ಒರಟು ಕುಂಚದಿಂದ ಕೈಯಲ್ಲೇ ಅಳಿಸಿ, ಬೇಕಾದ ಆರೇಳು ಕಡೆ ಕೈಯಲ್ಲೇ ಸೇರಿಸಿ. ಒಂದು ಗಂಟೆಯ ಕೆಲಸ ಅಷ್ಟೇ.

ಪ್ರಶ್ನೆ: ಕೆಂಪು ಗಾರೆ ನೆಲದ ಫೋಟೊ ತೆಗೆದು ಟೆಕ್ಸ್ಚರ್ ಮಾಡಿದೆ. ಒಂದೇ ಕಲೆ ಸಾಲುಸಾಲಾಗಿ ಮತ್ತೆ ಮತ್ತೆ ಕಾಣುತ್ತದೆ. (ಓದುಗರು, ಮೈಸೂರು)

ಉತ್ತರ: ಫೋಟೊದಲ್ಲಿ ಕಿಟಕಿಯ ಬೆಳಕು ಒಂದು ಕಡೆಯಿಂದ ಬಿದ್ದಿದೆ, ಕಾಲು ಭಾಗ ಬೆಳ್ಳಗೆ, ಉಳಿದದ್ದು ಕಪ್ಪಗೆ. ಮತ್ತೆ ಮತ್ತೆ ಕಾಣುವುದು ಕಲೆಗಿಂತ ಮೊದಲು ಈ ಬೆಳಕು. ಮೋಡ ಕವಿದ ದಿನ ಜಗಲಿಯಲ್ಲಿ, ಕ್ಯಾಮೆರಾವನ್ನು ನೆಲಕ್ಕೆ ನೇರ ಮೇಲೆ ಹಿಡಿದು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಚಿತ್ರದ ಒಂದು ಪ್ರತಿಯನ್ನು ಅಗಲಕ್ಕೆ ಮಸುಕು ಮಾಡಿ, ಮೂಲದಿಂದ ಆ ಏರಿಳಿತವನ್ನು ಕಳೆಯಿರಿ. ಹೈ ಪಾಸ್ ಫಿಲ್ಟರ್ ಇದೇ ಕೆಲಸ ಮಾಡುತ್ತದೆ, ಆಮೇಲೆ ಮೂಲದ ಸರಾಸರಿ ಬಣ್ಣವನ್ನು ಮರಳಿ ಕೊಡಬೇಕು. ನಂತರ ಆಫ್‌ಸೆಟ್‌ನಲ್ಲಿ ಅರ್ಧ ಅಗಲ, ಅರ್ಧ ಎತ್ತರ ಸರಿಸಿದರೆ ಅಂಚುಗಳು ನಡುವೆ ಶಿಲುಬೆಯಾಗಿ ಬರುತ್ತವೆ, ಹೀಲ್ ಉಪಕರಣದಿಂದ ಮುಚ್ಚಿ. ಕೃತಾದಲ್ಲಿ ಡಬ್ಲ್ಯೂ ಕೀ ಒತ್ತಿದರೆ ಚಿತ್ರ ಎಲ್ಲ ಕಡೆಗೂ ಹರಡಿಕೊಂಡು ಕಾಣುತ್ತದೆ, ಅಲ್ಲೇ ತಿದ್ದುವುದು ಇನ್ನೂ ಸಲೀಸು.

ಕಣ್ಣಿಗೆ ಹೊಡೆಯುವ ಬಿರುಕು, ಸುಟ್ಟ ಗುರುತು ಇವನ್ನು ಈ ಚಿತ್ರದಿಂದ ತೆಗೆದು ಡೆಕಾಲ್ ಆಗಿ ಒಂದೇ ಕಡೆ ಅಂಟಿಸಿ. ಕೆಂಪು ನೆಲದ ಸೊಗಸು ಇರುವುದು ಮೆರುಗಿನಲ್ಲಿ: ಬಾಗಿಲಿಂದ ನಡುಮನೆಗೆ ಓಡಾಡುವ ದಾರಿ ಕನ್ನಡಿಯಂತೆ, ಮಂಚದ ಕೆಳಗೆ ಮಂಕು. ಹಾಗಾಗಿ ಇಡೀ ಕೋಣೆಗೆ ಒಂದೇ ಸಲ ಹರಡುವ, 512ರ ಮಸುಕಾದ ಕಪ್ಪು ಬಿಳುಪು ಮಾಸ್ಕ್ ಮಾಡಿ ರಫ್‌ನೆಸ್‌ಗೆ ಗುಣಿಸಿ, 0.15ರಿಂದ 0.5ರವರೆಗೆ. ಪುನರಾವರ್ತನೆ ಅಲ್ಲಿಗೆ ಕಣ್ಮರೆಯಾಗುತ್ತದೆ.

ಪ್ರಶ್ನೆ: ದುಡ್ಡು ಕೊಟ್ಟು ಟೆಕ್ಸ್ಚರ್ ಬರೆಯುವ ಸಬ್‌ಸ್ಟೆನ್ಸ್ ಪೇಂಟರ್ ಕೊಳ್ಳಲಾಗದು. ಕಲಿಯಲು ಬೇರೆ ದಾರಿ? (ವಿದ್ಯಾರ್ಥಿ, ಕಲಬುರಗಿ)

ಉತ್ತರ: ಬ್ಲೆಂಡರ್, ಕೃತಾ, ಮಟೀರಿಯಲ್ ಮೇಕರ್ ಮೂರೂ ಉಚಿತ. ಮೊದಲ ವರ್ಷಕ್ಕೆ ಅಷ್ಟು ಸಾಕು. ಕಲ್ಲು, ಮರದ ಟೆಕ್ಸ್ಚರ್‌ಗೆ ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ತಾಣಗಳಲ್ಲಿ ಸಿಸಿ0 ಪರವಾನಗಿಯ ಚಿತ್ರಗಳಿವೆ, ಮಾರುವ ಗೇಮ್‌ನಲ್ಲೂ ಬಳಸಬಹುದು. ಒಂದು ಎಚ್ಚರ: ಬ್ಲೆಂಡರ್‌ನ ನಾಯ್ಸ್, ಬೆವೆಲ್, ಪಾಯಿಂಟಿನೆಸ್ (ಚೂಪು ಅಂಚು, ತಗ್ಗು ಹುಡುಕುವುದು) ನೋಡ್‌ಗಳಿಂದ ಕಟ್ಟಿದ ಮೆಟೀರಿಯಲ್ ಎಫ್‌ಬಿಎಕ್ಸ್ ಕಡತದ ಜೊತೆ ಇಂಜಿನ್ನಿಗೆ ಹೋಗುವುದಿಲ್ಲ. ಎಲ್ಲವನ್ನೂ ಚಿತ್ರವಾಗಿ ಬೇಕ್ ಮಾಡಿಯೇ ಕಳಿಸಬೇಕು. ಪಾಯಿಂಟಿನೆಸ್ ಸೈಕಲ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮತ್ತು ಮೆಶ್ ದಟ್ಟವಾಗಿದ್ದರೆ ಮಾತ್ರ ನಂಬುವಂಥದ್ದು.

ಪ್ರಶ್ನೆ: ಯೂನಿಟಿಯಲ್ಲಿ ಒರಟು ಜಾಗ ಹೊಳೆಯುತ್ತದೆ, ಹೊಳೆಯಬೇಕಾದದ್ದು ಮಂಕು. (ಓದುಗರು, ಉಡುಪಿ)

ಉತ್ತರ: ಯೂನಿಟಿ ಕೇಳುವುದು ಸ್ಮೂತ್‌ನೆಸ್, ಅಂದರೆ 1ರಿಂದ ರಫ್‌ನೆಸ್ ಕಳೆದದ್ದು. ಚಿತ್ರವನ್ನು ಇನ್ವರ್ಟ್ ಮಾಡಿ ಮೆಟಾಲಿಕ್ ಮ್ಯಾಪ್‌ನ ಆಲ್ಫಾ ಚಾನೆಲ್‌ಗೆ ಹಾಕಿ. ಆ ಚಿತ್ರಕ್ಕೆ ಎಸ್‌ಆರ್‌ಜಿಬಿ ಗುರುತು ತೆಗೆಯಿರಿ.

ಪ್ರಶ್ನೆ: ಬೀದಿಯ ಅಂಗಡಿ ಬೋರ್ಡಿನಲ್ಲಿ ದೊಡ್ಡ ಕನ್ನಡ ಅಕ್ಷರ ಸರಿಯಿದೆ. ಕೆಳಗಿನ ಸಣ್ಣ ಸಾಲಿನಲ್ಲಿ ಒತ್ತಕ್ಷರಗಳು ಕಲಸಿಹೋಗಿವೆ. ಬೀದಿಯ ಆಚೆ ಬದಿಯ ಬೋರ್ಡಿನಲ್ಲಿ ಅಕ್ಷರವೇ ಕನ್ನಡಿಯಲ್ಲಿ ನೋಡಿದಂತಿದೆ. (ಓದುಗರು, ದಾವಣಗೆರೆ)

ಉತ್ತರ: ಕನ್ನಡಿಯ ಅಕ್ಷರ ಸುಲಭ. ಅಂಗಡಿಯನ್ನು ಮಿರರ್ ಮಾಡಿ ಆಚೆ ಬದಿಗೆ ಇಟ್ಟಿದ್ದೀರಿ, ಯುವಿಯೂ ತಿರುಗಿದೆ. ಬೋರ್ಡನ್ನು ಅಂಗಡಿಯಿಂದ ಬಿಡಿಸಿ ಬೇರೆ ವಸ್ತು ಮಾಡಿ.

ಒತ್ತಕ್ಷರದ್ದು ಪಿಕ್ಸೆಲ್ ಬಡತನ. 2.4 ಮೀಟರ್ ಅಗಲ, 60 ಸೆಂ.ಮೀ. ಎತ್ತರದ ಬೋರ್ಡ್ ಉಳಿದ ಬೀದಿಯಂತೆ ಮೀಟರಿಗೆ 512ರಲ್ಲಿದೆ. 15 ಸೆಂ.ಮೀ. ಅಕ್ಷರಕ್ಕೆ 77 ಪಿಕ್ಸೆಲ್ ಸಿಕ್ಕಿತು, ಸರಿಯಾಯಿತು. 4 ಸೆಂ.ಮೀ. ಸಾಲಿಗೆ ಸಿಕ್ಕಿದ್ದು 20. ಇಂಗ್ಲಿಷ್ ಅಕ್ಷರ 20ರಲ್ಲಿ ಹೇಗೋ ನಿಭಾಯಿಸುತ್ತದೆ. ಕನ್ನಡದಲ್ಲಿ ಅದೇ ಎತ್ತರದೊಳಗೆ ತಲೆಕಟ್ಟು, ಗುಡಿಸು, ಅಕ್ಷರದ ಹೊಟ್ಟೆ, ಕೆಳಗೆ ಒತ್ತು ಎಲ್ಲ ಹಿಡಿಸಬೇಕು. ‘ಸ್ಟೋರ್ಸ್’ ಎಂಬ ಒಂದೇ ಪದದಲ್ಲಿ ಒತ್ತು, ದೀರ್ಘ, ಅರ್ಕಾವೊತ್ತು ಮೂರೂ ಇವೆ. ಬೋರ್ಡಿಗೆ ಪ್ರತ್ಯೇಕ 2048×512 ಚಿತ್ರ ಕೊಡಿ. ಅಗಲಕ್ಕೆ ಮೀಟರಿಗೆ 853 ಪಿಕ್ಸೆಲ್ ಬರುತ್ತದೆ, ಸಣ್ಣ ಸಾಲಿಗೆ 34. ಒತ್ತು ಬಿಡಿಯಾಗಿ ಕಾಣಲು ಅಷ್ಟು ಬೇಕು.

ಕಲಸಿದಂತೆ ಕಾಣಲು ಇನ್ನೊಂದು ಕಾರಣ ಕಂಪ್ರೆಷನ್. ನಿಮ್ಮದು ಬಿ.ಸಿ.1 (BC1) ಎಂಬ ವಿಧಾನ. ಅದು 4×4 ಪಿಕ್ಸೆಲ್‌ನ ಪ್ರತಿ ಚೌಕಕ್ಕೂ ಎರಡೇ ಬಣ್ಣ ಇಟ್ಟುಕೊಂಡು ನಡುವಿನದನ್ನು ಬೆರೆಸಿಕೊಳ್ಳುತ್ತದೆ. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಅದಕ್ಕೆ ಕಪ್ಪು ನೆರಳು ಎಂದರೆ ಮೂರು ಬಣ್ಣ; ಮೂರನೆಯದು ಕೊಳೆಯಾಗುತ್ತದೆ. ಬಿ.ಸಿ.7ಕ್ಕೆ ಬದಲಿಸಿ. ಒಂದೇ ಬಣ್ಣದ ಅಕ್ಷರವಾದರೆ ಡಿಸ್ಟನ್ಸ್ ಫೀಲ್ಡ್ ವಿಧಾನ ಇನ್ನೂ ಚೆನ್ನ. 2007ರಲ್ಲಿ ವಾಲ್ವ್ ಕಂಪನಿಯಿಂದ ಪ್ರಕಟವಾದ ಈ ವಿಧಾನದಲ್ಲಿ ಪ್ರತಿ ಪಿಕ್ಸೆಲ್ಲಿಗೂ ಬಣ್ಣದ ಬದಲು ಅಕ್ಷರದ ಅಂಚು ಎಷ್ಟು ದೂರ ಎಂಬ ಅಳತೆ ಇರುತ್ತದೆ. ಚಿಕ್ಕ ಚಿತ್ರದಿಂದಲೇ ಹತ್ತಿರಕ್ಕೂ ಅಂಚು ಚೊಕ್ಕವಾಗಿರುತ್ತದೆ, ಚೂಪು ಮೂಲೆಗಳು ಮಾತ್ರ ತುಸು ದುಂಡಾಗುತ್ತವೆ. ದುಂಡು ಕನ್ನಡ ಲಿಪಿಗೆ ಅದೊಂದು ಲೆಕ್ಕಕ್ಕೇ ಇಲ್ಲ.

ಬ್ಲೆಂಡರ್‌ನ ಟೆಕ್ಸ್ಟ್ ವಸ್ತುವಿನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಿದ್ದರೆ ಅದರೊಂದಿಗೆ ಗುದ್ದಾಡಬೇಡಿ. ಇಂಕ್‌ಸ್ಕೇಪ್‌ನಲ್ಲಿ ಬರೆದು, ಪಾಥ್ ಆಗಿ ಪರಿವರ್ತಿಸಿ, ಎಸ್‌ವಿಜಿಯಾಗಿ ತನ್ನಿ. ಮತ್ತು ಗೇಮ್ ನಡೆಯುವುದು 2024ರ ನಂತರದ ಕರ್ನಾಟಕದ ಬೀದಿಯಲ್ಲಾದರೆ ಬೋರ್ಡಿನ ಶೇಕಡಾ 60 ಕನ್ನಡಕ್ಕೆ ಬಿಟ್ಟಿರಬೇಕು, ಕಾನೂನು ಹಾಗಿದೆ. ನಿಮ್ಮ ಚಿತ್ರದಲ್ಲಿ ಅರ್ಧಕ್ಕಿಂತ ಕಡಿಮೆ ಇದೆ.